ಪ್ರಿಂಟ್ ರೇಟು, ಮದುವೆ ಬುಕಿಂಗು: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ,

ಸುತ್ತಿಬಳಸದೆ ವಿಷಯ ಹೇಳಿಬಿಡುತ್ತೇವೆ. ನಮ್ಮ ಫೋಟೋ ಸ್ಟುಡಿಯೋದಲ್ಲಿ ಏಪ್ರಿಲ್ 1ರಿಂದ, ನಾವು ತೆಗೆದ ಫೋಟೋಗಳ ಎ3 ಸೈಜಿನ ಪ್ರಿಂಟ್ 1,400 ಅಲ್ಲ, 1,900 ರೂಪಾಯಿ. ಫೋಟೋ ತೆಗೆಯಲು ಮದುವೆಗಳನ್ನು ತಿಂಗಳಿಗೆ ಎರಡು ಮಾತ್ರ ಒಪ್ಪಿಕೊಳ್ಳುತ್ತೇವೆ. ಪ್ರತಿ ಶನಿವಾರ ತಪ್ಪದೆ ಪ್ರಿಂಟ್ ಹಾಕುತ್ತೇವೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ. ಅದರಲ್ಲಿ ಎರಡು ಮಾತಿಲ್ಲ.

ಈ ಸಲ ಬೆಂಗಳೂರಿನ ಚಿತ್ರಸಂತೆಯಲ್ಲಿ (ವರ್ಷಕ್ಕೊಮ್ಮೆ ರಸ್ತೆಯಲ್ಲೇ ನಡೆಯುವ ಕಲಾ ಸಂತೆ) ಪ್ರಿಂಟಿಗೆ ಆರ್ಡರ್ ಕೊಟ್ಟ 11 ಜನರಲ್ಲಿ ಕ್ಷಮೆ ಕೇಳಬೇಕು. ಎರಡು ವಾರ ಅಂದಿದ್ದೆವು, ಏಳು ವಾರ ಮಾಡಿದೆವು. ತಪ್ಪು ನಮ್ಮದೇ. ಆದರೆ ಆಗಿದ್ದೇನು ಅಂತ ಹೇಳಲೇಬೇಕು. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತದ ಮೇಲೆ ಮುಹೂರ್ತ. ಇಬ್ಬರೂ ಬೆಳಗಿನ ಜಾವ ನಾಲ್ಕಕ್ಕೆ ಛತ್ರ, ರಾತ್ರಿ ಹನ್ನೊಂದಕ್ಕೆ ಮನೆ. ಮೂರು ವಾರ ಪ್ರಿಂಟರ್ ಆನ್ ಮಾಡಲೇ ಇಲ್ಲ. ಪಿಗ್ಮೆಂಟ್ ಇಂಕ್, ಅಂದರೆ ಬಣ್ಣದ ಸಣ್ಣ ಪುಡಿ ಬೆರೆತ ಇಂಕು, ಅದನ್ನು ಹಾಳೆಗೆ ಚಿಮ್ಮುವ ಹೆಡ್‌ನಲ್ಲೇ ಒಣಗಿ ಕೂತಿತ್ತು. ಹೆಡ್‌ನ ಸಣ್ಣ ತೂತುಗಳೆಲ್ಲ ತೆರೆದಿವೆಯಾ ಅಂತ ನೋಡುವ ನಾಝಲ್ ಚೆಕ್ ಹಾಳೆ ತೆಗೆದರೆ ನೀಲಿ ಗೀಟುಗಳ ಮಧ್ಯೆ ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ನಿಮ್ಮಲ್ಲಿ ಜಾಸ್ತಿ ಜನ ಕೇಳಿದ್ದ ಆ ಕೆ.ಆರ್. ಮಾರ್ಕೆಟ್ ಹೂವಿನ ಫೋಟೋದಲ್ಲಿ ಚೆಂಡುಹೂವಿನ ರಾಶಿ ಚೆನ್ನಾಗೇ ಬಂತು, ಹಿಂದಿನ ನೀಲಿ ಟಾರ್ಪಾಲಿನ ಮೇಲೆ ಮಾತ್ರ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು. ಕೊಟ್ಟಿದ್ದರೆ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಕೊಡಲಿಲ್ಲ, ಎಲ್ಲ ಹರಿದು ಹಾಕಿದೆವು. ಹೆಡ್ ಕ್ಲೀನಿಂಗ್ ಅಂದರೆ ನೀರಲ್ಲ, ಇಂಕನ್ನೇ ಸುರಿಯುವುದು. ದುಡ್ಡು ಕೊಟ್ಟು ತಂದ ಇಂಕು ಒಂದು ಹಾಳೆಯನ್ನೂ ಮುಟ್ಟದೆ ಕೆಳಗಿನ ವೇಸ್ಟ್ ಡಬ್ಬಿಗೆ ಹೋಗುತ್ತದೆ, ಆ ಡಬ್ಬಿ ತುಂಬಿದರೆ ಅದನ್ನೂ ಹೊಸದು ತರಬೇಕು!

ಇನ್ನು ಎಲ್ಲರೂ ಕೇಳುವ ಮಾತು. 'ಪಕ್ಕದ ಸ್ಟಾಲಿನಲ್ಲಿ 300ಕ್ಕೆ ಇದೆಯಲ್ಲ, ನಿಮ್ಮದೇನು ಬಂಗಾರದ ಹಾಳೆನಾ?' ನಗುತ್ತಲೇ ಕೇಳುತ್ತೀರಿ, ನಾವೂ ನಗುತ್ತೇವೆ, ಆಮೇಲೆ ರಾತ್ರಿ ಕೂತು ಲೆಕ್ಕ ಹಾಕುತ್ತೇವೆ. 300ರ ಪೋಸ್ಟರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹಾಸ್ಟೆಲ್ ರೂಮಿಗೆ ಅದೇ ಸರಿ. ಸಾವಿರ ಒಟ್ಟಿಗೆ ಅಚ್ಚು ಹಾಕಿದರೆ ಅಷ್ಟಕ್ಕೆ ಕೊಡಬಹುದು. ನಾವು ಹಾಕುವುದು ಒಂದೊಂದೇ. ಹಾಳೆ ಹತ್ತಿಯದು, ದಪ್ಪನೆಯದು, 308 ಜಿಎಸ್ಎಂ (ಚದರ ಮೀಟರಿಗೆ 308 ಗ್ರಾಂ ತೂಕ), ಹೊರದೇಶದಿಂದ ಬರುತ್ತದೆ, ಖಾಲಿ ಹಾಳೆಗೇ 400 ರೂಪಾಯಿ ದಾಟುತ್ತದೆ. ಒಂದು ಒಳ್ಳೇ ಪ್ರಿಂಟ್ ಬರುವಷ್ಟರಲ್ಲಿ ಒಂದೋ ಎರಡೋ ಟೆಸ್ಟ್ ಹಾಳೆ ಹೋಗಿರುತ್ತದೆ. ಅದರ ಮೇಲೆ ಇಂಕು, ಪ್ಯಾಕಿಂಗ್, ಕೊರಿಯರ್. ಉಳಿದದ್ದರಲ್ಲಿ ಬಾಡಿಗೆ. ಹೋದ ವರ್ಷ ಮನೆ ಓನರ್ ಮತ್ತೆ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕ ತೆಗೆದರು, ಅದು ಬೇರೆ ಕಥೆ. ಆಷಾಢ ಬಂದರೆ ಮದುವೆ ಇರುವುದಿಲ್ಲ. ಬಾಡಿಗೆಗೆ ಆಷಾಢ ಅಂತೇನೂ ಇಲ್ವಲ್ಲ.

ನಿಜ ಹೇಳಬೇಕೆಂದರೆ ಇಷ್ಟು ವರ್ಷ ಮದುವೆ ದುಡ್ಡಲ್ಲಿ ಪ್ರಿಂಟ್ ಸಾಕಿದೆವು. ಈಗ ಮದುವೆ ಜಾಸ್ತಿಯಾಗಿ ಪ್ರಿಂಟರೇ ಒಣಗಿತು, ನಮ್ಮ ಸ್ವಂತ ಫೋಟೋ ತೆಗೆದು ಎಂಟು ತಿಂಗಳಾಯಿತು. ಮಾರ್ಕೆಟ್ ಫೋಟೋ ಒಂದನ್ನೇ ಇನ್ನೆಷ್ಟು ವರ್ಷ ಮಾರುವುದು? ಅದಕ್ಕೇ ಮದುವೆ ಕಮ್ಮಿ ಮಾಡುತ್ತಿದ್ದೇವೆ. ಕಮ್ಮಿ ಮಾಡಿದ ಮೇಲೆ ಪ್ರಿಂಟ್ ತನ್ನ ಖರ್ಚು ತಾನೇ ಹೊರಬೇಕು. ಮದುವೆ ರೇಟು ಮುಟ್ಟಿಲ್ಲ, ಗಮನಿಸಿ.

'ನಮ್ಮ ಫೋಟೋನೂ ಮಾರ್ತೀರಾ' ಅಂತ ಒಬ್ಬರು ಕೇಳಿದರು. ಇಲ್ಲ. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದೇ ಅಂತ 1957ರ ಕಾಪಿರೈಟ್ ಕಾಯ್ದೆಯೇ ಹೇಳುತ್ತದೆ. ನಾವು ಬೇರೆ ಕರಾರು ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಬೇಕಾದರೂ ನಿಮ್ಮನ್ನು ಕೇಳಿಯೇ ಹಾಕುತ್ತೇವೆ.

ಮೊದಲು ತಗೊಂಡ ಪ್ರಿಂಟಿನಲ್ಲಿ ಗೆರೆ ಕಂಡರೆ ಫ್ರೇಮ್ ಸಮೇತ ತನ್ನಿ, ಬಿಲ್ ಬೇಡ, ಹೊಸದು ಹಾಕಿಕೊಡುತ್ತೇವೆ. ಶನಿವಾರ ಹತ್ತರ ಮೇಲೆ ಇಬ್ಬರಲ್ಲಿ ಒಬ್ಬರು ಇದ್ದೇ ಇರುತ್ತೇವೆ. ಬೆಲ್ ಕೆಟ್ಟಿದೆ, ಬಾಗಿಲು ತಟ್ಟಿ.

ಇಂತಿ,
ಸ್ಟುಡಿಯೋದ ನಾವಿಬ್ಬರು