ಒಂದು ಸೀರೆಯ ಫೋಟೊಗೆ 9 ಎಂಬಿ: ವೆಬ್‌ಸೈಟ್ ಕಂಪನಿಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟ ಸಂಸ್ಥೆ, ಬೆಂಗಳೂರು

ವಿಷಯ: ಫೋಟೊಗಳ ಗಾತ್ರ ಇಳಿಸದೆ ಕೊಟ್ಟ ವೆಬ್‌ಸೈಟ್ ಕುರಿತು

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಸೈಟ್ ಮೊಬೈಲಿನಲ್ಲಿ ತೆರೆಯುವಷ್ಟರಲ್ಲಿ ಗಿರಾಕಿಗಳು ಬೇರೆ ಅಂಗಡಿಗೆ ದುಡ್ಡು ಕಟ್ಟಿ ಮುಗಿಸಿರುತ್ತಾರೆ. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್ ಅಗಲದ ಫೋಟೊಗಳನ್ನು ಹಾಗೇ ಏರಿಸಿದ್ದೀರಿ. ಒಂದೊಂದೂ 9 ಎಂಬಿ. ಪರದೆಯ ಮೇಲೆ ಅಂಗೈಯಷ್ಟು ಕಂಡರೂ ಡೌನ್‌ಲೋಡ್ ಆಗುವುದು ಇಡೀ 9 ಎಂಬಿಯೇ. ಕೆಳಗಿನವು ಸ್ಕ್ರಾಲ್ ಮಾಡಿದಾಗ ಬರಲಿ ಎನ್ನುವ ಲೇಜಿ ಲೋಡಿಂಗ್ ಕೂಡ ಇಲ್ಲ. ನಿಮ್ಮದೇ ಕರಾರುಪತ್ರದಲ್ಲಿ "ಚಿತ್ರಗಳನ್ನು ವೆಬ್‌ಪಿಗೆ ಬದಲಿಸಿ 200 ಕೆಬಿ ಒಳಗೆ ಇಡಲಾಗುವುದು" ಎಂದಿದೆ (ವೆಬ್‌ಪಿ ಎಂದರೆ ಫೋಟೊವನ್ನು ಕಡಿಮೆ ಗಾತ್ರದಲ್ಲಿ ಇಡುವ ಫೈಲ್ ನಮೂನೆ). ಬರೆದವರು ನೀವೇ, ಓದಿರುತ್ತೀರಿ ಅಂದುಕೊಂಡಿದ್ದೆ.

ಮೊನ್ನೆ ನಿಮ್ಮ ಸಪೋರ್ಟಿನ ಹುಡುಗ ಆಡಿದ ಮಾತು ಕೇಳಿ. "ಆಂಟಿ, ನಿಮ್ ನೆಟ್ ಸ್ಲೋ ಇರ್ಬೇಕು." ವೈಫೈ ಇದೆ ಅಂದೆ. "ಹಾಗಾದ್ರೆ ಫೋನ್ ಹಳೇದಿರ್ಬೇಕು." ಹೊಸದು ಅಂದೆ. "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ." ಮಾಡಿ ಆಯಿತು ಅಂದೆ. ಉಸ್ಸಪ್ಪಾ ಎಂದು ಉಸಿರುಬಿಟ್ಟು, "ಮನೇಲಿ ಓದಿರೋರು ಯಾರಾದ್ರೂ ಇದ್ರೆ ಫೋನ್ ಕೊಡಿ ಆಂಟಿ" ಅಂದ. ಸ್ಪೀಕರ್ ಆನ್ ಇತ್ತು. ಸೀರೆ ನೋಡುತ್ತಿದ್ದ ಗಿರಾಕಿಗಳು ಸೆರಗು ಅಡ್ಡ ಹಿಡಿದು ನಕ್ಕರು. ನಾನು ಬಿ.ಕಾಂ. (ನಿಮ್ಮ ಬಿಲ್ಲಿನಲ್ಲಿ ಜಿಎಸ್‌ಟಿ ಲೆಕ್ಕ ತಪ್ಪಿದ್ದನ್ನು ಹಿಡಿದವಳೂ ನಾನೇ.) ಕೊನೆಗೆ, "ಕಂಪ್ರೆಸ್ ಮಾಡಿದ್ರೆ ಕ್ವಾಲಿಟಿ ಹೋಗುತ್ತೆ. ಬೇಕಿದ್ರೆ ಸ್ಪೀಡ್ ಪ್ಯಾಕೇಜ್ ತಗೊಳ್ಳಿ, ಅದಕ್ಕೆ ಬೇರೆ ಚಾರ್ಜು" ಎಂಬ ಉಪದೇಶ.

ಅಂದು ರಾತ್ರಿಯೇ ಫೋಟೊ ಗಾತ್ರ ಇಳಿಸುವ ಗೂಗಲ್‌ನವರ ಪುಕ್ಕಟೆ ವೆಬ್ ಆ್ಯಪ್ ಸ್ಕ್ವೂಶ್‌ಗೆ ಒಂದು ಫೋಟೊ ಹಾಕಿ ಅಗಲ 1200, ವೆಬ್‌ಪಿ, ಕ್ವಾಲಿಟಿ 80 ಎಂದು ಇಟ್ಟೆ. 170 ಕೆಬಿಗೆ ಇಳಿಯಿತು. ಇಳಕಲ್ ಸೀರೆಯ ಟೋಪ್ ತೆನೆ ಸೆರಗಿನ ಕೆಂಪಿನ ಮೇಲೆ ನೇಯ್ದ ಹಲ್ಲಿನಾಕಾರದ ಬಿಳಿ ವಿನ್ಯಾಸಗಳಲ್ಲಿ ಒಂದೂ ಮಸುಕಾಗಿರಲಿಲ್ಲ. ಪ್ಯಾಕೇಜು ಬೇಕಾಗಲಿಲ್ಲ, ಓದಿದವರನ್ನು ಕರೆಯಬೇಕಾಗಿಯೂ ಬರಲಿಲ್ಲ.

ಎಲ್ಲ ಫೋಟೊಗಳನ್ನೂ ಕರಾರಿನಂತೆ ಸರಿಪಡಿಸಿ. ಇಲ್ಲವೇ ಹಣ ವಾಪಸ್ ಕೊಟ್ಟು ಡೊಮೇನ್, ಹೋಸ್ಟಿಂಗ್ ಪಾಸ್‌ವರ್ಡ್ ನನಗೆ ಒಪ್ಪಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ನಾನಿರುವ ಜಿಲ್ಲೆಯಲ್ಲೇ ಹೂಡಬಹುದು. ಬಾಗಲಕೋಟೆಗೆ ಓಡಾಡಲು ತಯಾರಿರಿ. ಇಲ್ಲಿ ಬಿಸಿಲು ಜೋರು.

ಆ ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ನಮ್ಮೂರ ಸೀರೆ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿಗೆ ಹಾಕಲಿದ್ದೇನೆ. ಫೈಲು ಚಿಕ್ಕದು, ಒತ್ತಿದ ಕೂಡಲೇ ತೆರೆಯುತ್ತದೆ.

ಇಂತಿ,
ಅಂಗಡಿಯ ಮಾಲೀಕಳು, ಇಳಕಲ್