ಮೀನು ಸಾಯೋದು ಚಳಿಗಲ್ಲ, ಉಸಿರುಕಟ್ಟಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಅಮೆರಿಕದ ಹಿತ್ತಲ ಕೊಳಗಳ ಬಗ್ಗೆ ಬಂದಿದ್ದ ಲೇಖನ ಓದಿದೆ, ಫೋಟೋ ಎಲ್ಲ ಚೆನ್ನಾಗಿತ್ತು, ಆದ್ರೆ ಚಳಿಗಾಲದಲ್ಲಿ ಐಸ್ ಒಡೆದು ನೀರು ಬೆಚ್ಚಗೆ ಮಾಡದಿದ್ರೆ ಮೀನು ಚಳಿಗೆ ಸತ್ತೋಗುತ್ತೆ ಅಂತ ಬರೆದಿರೋದು ಸರಿ ಇಲ್ಲ. ನಾನಿರೋದು ಮಿನೆಸೋಟದಲ್ಲಿ, ಜನವರಿಲಿ ಮೈನಸ್ 25 ಡಿಗ್ರಿ ಅಂದ್ರೆ ಇಲ್ಲಿ ಯಾರೂ ತಲೆ ಎತ್ತಿ ನೋಡಲ್ಲ, ನಮ್ಮ ಹಿತ್ತಲ ಕೊಳದಲ್ಲಿ ಕೋಯಿ (ಜಪಾನಿನ ಬಣ್ಣದ ಕಾರ್ಪ್ ಮೀನು), ಗೋಲ್ಡ್‌ಫಿಶ್ ಎರಡೂ ಇವೆ. ಊರಲ್ಲಿರೋ ಅಪ್ಪ ಅಮ್ಮಂದಿರು ನಿಮ್ಮ ಪತ್ರಿಕೆ ಓದಿ ಇಲ್ಲಿರೋ ಮಕ್ಕಳಿಗೆ ಫೋನಲ್ಲಿ ಹೇಳ್ತಾರೆ, ಅವರು ಸುತ್ತಿಗೆ ತಗೊಂಡು ಹೊರಗೆ ಹೋಗ್ತಾರೆ, ಅದಕ್ಕೇ ಬರೀತಿದೀನಿ.

ನೀರು ಅತಿ ಭಾರ ಇರೋದು 4 ಡಿಗ್ರಿಲಿ. ಆ ನೀರು ತಳಕ್ಕಿಳಿದು ಕೂರುತ್ತೆ, ಅದಕ್ಕಿಂತ ತಣ್ಣಗಿರೋದು ಮೇಲೇ ಉಳಿದು ಹೆಪ್ಪುಗಟ್ಟುತ್ತೆ, ಆಮೇಲೆ ಆ ಐಸೇ ಕೆಳಗಿನ ನೀರಿಗೆ ಕಂಬಳಿ. ಕೊಳ ಮೂರು ನಾಲ್ಕು ಅಡಿ ಆಳ ಇದ್ರೆ ಮೀನು ತಳದಲ್ಲಿ ಅಲ್ಲಾಡದೆ ನಿಂತಿರುತ್ತೆ, ಕಿವಿರು ಮಾತ್ರ ಆಗೊಮ್ಮೆ ಈಗೊಮ್ಮೆ ಆಡುತ್ತೆ, ನೋಡಿದ್ರೆ ಸತ್ತಿದೆ ಅನ್ನಿಸುತ್ತೆ, ಸತ್ತಿರಲ್ಲ.

ಕೊಲ್ಲೋದು ಎಲೆ! ಅಕ್ಟೋಬರಲ್ಲಿ ಮೇಪಲ್ ಎಲೆ ಉದುರಿ ತಳದಲ್ಲಿ ಕೊಳೆಯುತ್ತೆ, ಕೊಳೆಯೋಕೆ ಆಕ್ಸಿಜನ್ ತಿನ್ನುತ್ತೆ, ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬಿಡುತ್ತೆ, ಐಸ್ ಪೂರ್ತಿ ಮುಚ್ಚಿಕೊಂಡಿದ್ರೆ ಅದು ಹೊರಗೆ ಹೋಗಲ್ಲ, ಮೇಲೆ ಹಿಮ ಬಿದ್ರೆ ಬೆಳಕೂ ಬರಲ್ಲ, ಹಾಗಾಗಿ ನೀರಲ್ಲಿರೋ ಗಿಡ, ಪಾಚಿನೂ ಆಕ್ಸಿಜನ್ ಕೊಡಲ್ಲ. ಅದಕ್ಕೆ ಬೇಕಾಗಿರೋದು ಒಂದು ತೂತು ಅಷ್ಟೆ, ಕೊಳಪೂರ್ತಿ ಬಿಸಿ ನೀರಲ್ಲ. ತೇಲೋ ಡಿ-ಐಸರ್ ಅಂತ ಕರೆಂಟಿನ ಪುಟ್ಟ ಹೀಟರ್ ಸಿಗುತ್ತೆ, ತನ್ನ ಸುತ್ತ ಮಾತ್ರ ಐಸ್ ಕಟ್ಟದಂಗೆ ನೋಡ್ಕೊಳ್ಳುತ್ತೆ, ಜೊತೆಗೆ ಏರ್ ಪಂಪ್ ಇಟ್ರೆ ಒಳ್ಳೇದು, ಆದ್ರೆ ಪಂಪಿನ ಕೊಳವೆ ತುದಿಲಿ ಗುಳ್ಳೆ ಬಿಡೋ ಕಲ್ಲನ್ನ ತಳದಲ್ಲಿ ಬಿಡಬೇಡಿ, ಅರ್ಧ ಆಳಕ್ಕೆ ಎತ್ತಿ ಕಟ್ಟಿ, ಇಲ್ಲಾಂದ್ರೆ ಮೇಲಿನ ತಣ್ಣೀರು ಕಲಸಿ ಮೀನು ಮಲಗಿರೋ ಜಾಗನೇ ಹಾಳಾಗುತ್ತೆ. ಸುತ್ತಿಗೆಲಿ ಹೊಡೆದ್ರೆ ಆ ಪೆಟ್ಟು ನೀರೊಳಗೆ ಹೋಗಿ ಮೀನಿಗೇ ತಾಗುತ್ತೆ. ಕರೆಂಟ್ ಹೋಗಿ ತೂತು ಮುಚ್ಚಿಕೊಂಡ್ರೆ ಕುದಿಯೋ ನೀರಿನ ಪಾತ್ರೆ ಐಸ್ ಮೇಲಿಡಿ, ನಿಧಾನಕ್ಕೆ ಕರಗಲಿ.

ಇನ್ನು ಊಟದ ವಿಷಯ. ನಮ್ಮತ್ತೆ ನವೆಂಬರಲ್ಲಿ ಬಂದಿದ್ದಾಗ "ಪಾಪ, ಉಪವಾಸ ಹಾಕಿದೀರಲ್ಲ" ಅಂತ ಚಪಾತಿ ಚೂರು ಹಿಡ್ಕೊಂಡು ದಡದಲ್ಲಿ ನಿಂತೇಬಿಟ್ರು, ತಡೆಯೋಕೆ ನನ್ನ ಹೆಂಡ್ತಿಗೇ ಧೈರ್ಯ ಬರ್ಲಿಲ್ಲ. ನೀರು 10 ಡಿಗ್ರಿಗಿಂತ ಕೆಳಗಿಳಿದ್ಮೇಲೆ ಏನೂ ಹಾಕಬಾರದು, ಮೀನಿಗೆ ಅರಗಲ್ಲ, ತಿನ್ನದೆ ಬಿಟ್ಟಿದ್ದು ಕೊಳೆತು ಮತ್ತೆ ಅದೇ ಗ್ಯಾಸ್. ವಸಂತದಲ್ಲಿ ನೀರು ಬೆಚ್ಚಗಾದ್ಮೇಲೆ ಕೇಳಿ ತಿನ್ನುತ್ತವೆ. ಒರಾಂಡಾ, ಫ್ಯಾಂಟೇಲ್ ಥರದ ಡುಬ್ಬ ಹೊಟ್ಟೆ ಗೋಲ್ಡ್‌ಫಿಶ್ ಮಾತ್ರ ಬೇರೆ ಕತೆ, ಅವನ್ನ ಬೇಸ್‌ಮೆಂಟಲ್ಲಿ ತೊಟ್ಟಿ ಮಾಡಿ ಒಳಗಿಡಬೇಕು.

ಇನ್ನೊಂದು, ಚಳಿಗೆ ಪಾಪ ಅಂತ ಸಾಕಿದ ಮೀನನ್ನ ಪಕ್ಕದ ಕೆರೆಗೆ ಬಿಟ್ಟು ಬರೋರೂ ಇದಾರೆ. ಗೋಲ್ಡ್‌ಫಿಶ್ ಸಾಮಾನ್ಯದ್ದಲ್ಲ, ಆಕ್ಸಿಜನ್ ಪೂರ್ತಿ ಮುಗಿದ್ರೂ ಮೈಯೊಳಗೆ ಆಲ್ಕೋಹಾಲ್ ಮಾಡಿ ಕಿವಿರಿಂದ ಹೊರಗೆ ಹಾಕ್ಕೊಂಡು ಸ್ವಲ್ಪ ದಿನ ಬದುಕುತ್ತೆ (ಕುಡುಕ ಅನ್ನಬೇಡಿ, ಕುಡಿಯಲ್ಲ ಅದು), ಕೆರೆಲಿ ಬೇರೆ ಮೀನು ಉಸಿರುಕಟ್ಟಿ ಸತ್ರೂ ಇದು ಉಳಿಯುತ್ತೆ. 2021ರ ಜುಲೈಲಿ ನಮ್ಮ ಮಿನೆಸೋಟದ್ದೇ ಬರ್ನ್ಸ್‌ವಿಲ್ ಊರಿನ ಕೆಲ್ಲರ್ ಕೆರೆಲಿ ಕೈಯಗಲ ಮೀರಿ ಬೆಳೆದಿರೋ ಗೋಲ್ಡ್‌ಫಿಶ್ ಸಿಕ್ಕಿ, ಸಾಕಿದ ಮೀನು ತಂದು ಬಿಡಬೇಡಿ ಅಂತ ಅಲ್ಲಿನ ನಗರಾಡಳಿತವೇ ಟ್ವೀಟ್ ಮಾಡಿ ಜನರನ್ನ ಕೇಳ್ಕೊಂಡಿತ್ತು. ತಳ ಕೆದಕಿ ನೀರು ಕದಡಿ ಕೆರೆ ಕೆಡಿಸ್ತವೆ. ಬೇಡ ಅಂದ್ರೆ ಕೊಳ ಇರೋ ಬೇರೆಯವರಿಗೆ ಕೊಡಿ.

ತಿದ್ದುಪಡಿ ಹಾಕೋದಾದ್ರೆ ಬೇಗ ಹಾಕಿ ಸಾರ್, ಎಲೆ ಉದುರೋ ಮುಂಚೆ ಕೊಳದ ಮೇಲೆ ಬಲೆ ಕಟ್ಟೋಕೆ ಟೈಮ್ ಸಿಗುತ್ತೆ.

ಇಂತಿ,
ಒಬ್ಬ ಓದುಗ, ಮಿನೆಸೋಟ