ಚಿಮಣಿಯ ಹೊಗೆ ಕಟ್ಟಡದ ಹೊರಗೆ ಹೋಗಲಿ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಹಳೆ ಕಟ್ಟಡಗಳು ಒಂದರ ಹಿಂದೊಂದು ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುತ್ತಿವೆ. ಹೊಸ ಫ್ಲ್ಯಾಟಿಗೆ ಬಂದವರೆಲ್ಲ ಅಡುಗೆಮನೆಯಲ್ಲಿ ಒಲೆಯ ಮೇಲೆ ಹೊಗೆ ಎಳೆಯುವ ಕರೆಂಟಿನ ಚಿಮಣಿ ಹಾಕಿಸುತ್ತಾರೆ. ನಾನು ಮಾಟುಂಗ, ಸಯನ್ ಕಡೆ ನಮ್ಮವರ ಹೋಟೆಲುಗಳಿಗೆ ಹೊಗೆ ಹೊರಹಾಕುವ ತಗಡಿನ ಕೊಳವೆ, ಅಂದರೆ ಡಕ್ಟ್, ಕೂರಿಸುತ್ತಿದ್ದವನು. ಮನೆಗಳಲ್ಲಿ ಈ ಕೆಲಸ ನಡೆಯುವ ರೀತಿ ನೋಡಿ ಭಯವಾಗುತ್ತಿದೆ.

ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಕೆಲವರ ಚಿಮಣಿ ಪೈಪು ಬಚ್ಚಲಿನ ಕಿಟಕಿಗಳಿರುವ ಶಾಫ್ಟಿನೊಳಗೆ, ಅಂದರೆ ಕಟ್ಟಡದಲ್ಲಿ ಕೆಳಗಿನಿಂದ ಮೇಲಿನವರೆಗೆ ಬಿಟ್ಟ ಕಿರಿದಾದ ಸಂದಿಯೊಳಗೆ, ಕೊನೆಯಾಗುತ್ತದೆ. ಹತ್ತಿರದ ದಾರಿ, ಹೊರಗಿನವರಿಗೆ ಕಾಣುವುದೂ ಇಲ್ಲ. ಆದರೆ ಆ ಹೊಗೆ ಮೇಲಿನ ಮನೆಯವರ ಬಚ್ಚಲಿಗೇ ಹೋಗುತ್ತದೆ ಅಲ್ವಾ? ಜೊತೆಗೆ ಬಂದ ಎಣ್ಣೆ ಜಿಡ್ಡು ಗೋಡೆ, ನೀರಿನ ಪೈಪು, ಕೇಬಲ್ಲುಗಳ ಮೇಲೆ ಕೂರುತ್ತಾ ಹೋಗುತ್ತದೆ. ಕೆಳಗೆಲ್ಲೋ ಒಂದು ಕಿಡಿ ಹಾರಿದರೆ ಬೆಂಕಿಗೆ ಅದೇ ಏಣಿ. ಹೋಟೆಲಿನ ಡಕ್ಟಿನಲ್ಲಾದರೆ ಜಿಡ್ಡು ಕೆರೆಯಲು ಬಾಗಿಲು ಇಟ್ಟಿರುತ್ತೇವೆ. ಕಟ್ಟಡದ ಶಾಫ್ಟಿಗೆ ಇಳಿದು ಯಾರು ಕೆರೆಯುತ್ತಾರೆ?

ಇದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದು. ನಮ್ಮಲ್ಲಿ ಈಗ ಪೈಪ್ ಗ್ಯಾಸ್. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಪೈಪಿನಲ್ಲಿ ಬರುವುದು ಹಗುರ, ಸೀದಾ ಮೇಲಕ್ಕೇರುತ್ತದೆ. ಅದು ಹೊರಗೆ ಹೋಗಲೆಂದೇ ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಬೇಕು. ಚಿಮಣಿಯವನು ಬಂದು ಅದೇ ಕಿಂಡಿಯಲ್ಲಿ ಪೈಪ್ ತೂರಿಸಿ, ಸುತ್ತಲೂ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ ಹೋಗುತ್ತಾನೆ. ನೋಡಲು ಚೆಂದ, ಆದರೆ ಗ್ಯಾಸ್ ಹೋಗುವ ದಾರಿ ಬಂದ್. ದಯವಿಟ್ಟು ಚಿಮಣಿಗೆ ಬೇರೆ ತೂತು ಕೊರೆಸಿ. ಗ್ಯಾಸಿನ ವಾಸನೆ ಬಂದರೆ ಎಳೆದು ಹೊರಗೆ ಹಾಕಲಿ ಎಂದು ಚಿಮಣಿಯ ಸ್ವಿಚ್ ಒತ್ತಬೇಡಿ, ಅದರ ಕಿಡಿಯೇ ಸಾಕು. ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದವರು ಇನ್ನೂ ಹುಷಾರಾಗಿರಬೇಕು. ಕಿಟಕಿಗಳನ್ನೆಲ್ಲ ಮುಚ್ಚಿ ಚಿಮಣಿ ಜೋರಾಗಿ ಓಡಿಸಿದರೆ ಅದು ಎಲ್ಲಿಂದಾದರೂ ಗಾಳಿ ಎಳೆಯಲೇಬೇಕು. ಆಗ ಗೀಸರಿನ ಹೊಗೆ ಮನೆಯೊಳಗೇ ತಿರುಗಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಮಣಿ ಓಡುವಾಗ ಒಂದು ಕಿಟಕಿ ಸ್ವಲ್ಪ ತೆರೆದಿಡಿ.

ಚಿಮಣಿಯ ಬಾಯಿ 6 ಇಂಚಿದ್ದರೆ ಪೈಪೂ 6 ಇಂಚೇ ಇರಲಿ. ಅಗ್ಗಕ್ಕೆ ಸಿಗುತ್ತದೆಂದು 4 ಇಂಚಿನದು ಹಾಕಿದರೆ ಗಾಳಿಗೆ ಸಿಗುವ ಜಾಗ ಅರ್ಧಕ್ಕಿಂತಲೂ ಕಡಿಮೆ. ಪಿವಿಸಿ ಬೇಡವೇ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಪೈಪಿನಲ್ಲಿ ತಿರುವುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಲೆಯಿಂದ 65ರಿಂದ 75 ಸೆಂಟಿಮೀಟರ್ ಎತ್ತರ ಸಾಮಾನ್ಯ, ಆದರೂ ಕಂಪನಿಯ ಪುಸ್ತಿಕೆ ನೋಡಿಯೇ ಕೂರಿಸಿ.

ಸೊಸೈಟಿ ಕಮಿಟಿಗಳಲ್ಲಿ ನಮ್ಮ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಫ್ಲ್ಯಾಟಿನ ಕೆಲಸಕ್ಕೆ ಅನುಮತಿ ಕೊಡುವಾಗ ಚಿಮಣಿ ಪೈಪ್ ಎಲ್ಲಿ ಹೊರಬರುತ್ತದೆ ಎಂದು ಕೇಳಿ. ರೀಡೆವಲಪ್‌ಮೆಂಟಿನ ನಕ್ಷೆ ಮೇಜಿನ ಮೇಲಿರುವಾಗಲೇ, ಪ್ರತಿ ಅಡುಗೆಮನೆಯ ಹೊರಗೋಡೆಯಲ್ಲಿ ಚಿಮಣಿಗೊಂದು, ಗ್ಯಾಸಿಗೊಂದು ಬೇರೆ ಬೇರೆ ತೂತು ಬಿಡುವಂತೆ ಬಿಲ್ಡರನಿಂದ ಬರೆಸಿಕೊಳ್ಳಿ.

— ನಿವೃತ್ತ ಡಕ್ಟ್ ಕೆಲಸಗಾರ, ಡೊಂಬಿವಲಿ ಪೂರ್ವ